ಮೂರು ಕೋಣೆ ಅಂದರೆ ಎರಡು ಬೆಡ್‌ರೂಮು: ಮ್ಯೂನಿಕ್‌ನಲ್ಲಿ ಸಂಸಾರಕ್ಕೊಂದು ಬಾಡಿಗೆ ಮನೆ

ನಾವು ಮ್ಯೂನಿಕ್‌ನಲ್ಲಿ ನೋಡಿದ ಮೊದಲ ಮನೆಯಲ್ಲಿ ಅಡುಗೆಮನೆ ಇರಲಿಲ್ಲ. ಅಂದರೆ ಕೋಣೆ ಇತ್ತು, ಒಳಗೆ ಏನೂ ಇರಲಿಲ್ಲ. ಗೋಡೆಯಿಂದ ಎರಡು ನೀರಿನ ಪೈಪು ಮೂತಿ ಚಾಚಿದ್ದವು. ಒಲೆಗೆ ಅಂತ ಒಂದು ದಪ್ಪ ವೈರು ನೇತಾಡುತ್ತಿತ್ತು. ಸಿಂಕಿಲ್ಲ, ಕಟ್ಟೆಯಿಲ್ಲ, ಒಂದು ಶೆಲ್ಫೂ ಇಲ್ಲ. "ಮನೆ ಇನ್ನೂ ಕಟ್ಟಿ ಮುಗಿಸಿಲ್ವಾ ಇವರು?" ಅಂತ ನನ್ನ ಹೆಂಡತಿ ಕನ್ನಡದಲ್ಲಿ ಕೇಳಿದಳು. ಕಟ್ಟಿ 50 ವರ್ಷ ಆಗಿತ್ತು. ಹಿಂದೆ ಬಾಡಿಗೆಗಿದ್ದವರು ಹೋಗುವಾಗ ಅಡುಗೆಮನೆಯನ್ನೂ ಬಿಚ್ಚಿಕೊಂಡು ಹೋಗಿದ್ದರು, ಅಷ್ಟೇ. ನಮ್ಮ ಹಿಂದೆ ಮೆಟ್ಟಿಲುಗಳ ಮೇಲೆ ಇನ್ನೂ ಸುಮಾರು 20 ಜನ ಸಾಲಾಗಿ ನಿಂತಿದ್ದರು, ಅದೇ ಎರಡು ಪೈಪು ನೋಡುವುದಕ್ಕೆ.

ಆ ಮನೆ ನಮಗೆ ಸಿಗಲಿಲ್ಲ. ಅದಾದ ಮೇಲೆ 5 ತಿಂಗಳು ಹುಡುಕಿದೆವು. ಆ ದಿನಗಳಲ್ಲಿ ನನಗೆ ಅನ್ನಿಸುತ್ತಿದ್ದುದು ಒಂದೇ: ಈ ಊರಿನಲ್ಲಿ ಬಾಡಿಗೆಯವರನ್ನು ಕಾಪಾಡೋಕೆ ಇಷ್ಟೊಂದು ಕಾನೂನು ಇದೆ ಅಂತಾರೆ, ಆದರೂ ಬಾಡಿಗೆಗೆ ಮನೆ ಯಾಕೆ ಸಿಗುತ್ತಿಲ್ಲ? ಉತ್ತರ ಗೊತ್ತಾಗಲು ತುಂಬಾ ದಿನ ಬೇಕಾಯಿತು. ಆ ಎರಡೂ ಮಾತು ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನು ಬಿಡಿಸಿ ಹೇಳುವ ಮೊದಲು, ಜಾಹೀರಾತು ಓದುವುದು ಹೇಗೆ ಅಂತ ನೋಡೋಣ.

ಮೂರು ಕೋಣೆಯ ಲೆಕ್ಕ

ನಮ್ಮಲ್ಲಿ ಟೂ ಬಿಎಚ್‌ಕೆ ಅಂದರೆ ಎರಡು ಬೆಡ್‌ರೂಮು, ಒಂದು ಹಾಲು, ಒಂದು ಕಿಚನ್. ಜರ್ಮನಿಯಲ್ಲಿ ಬೆಡ್‌ರೂಮು ಎಣಿಸುವುದಿಲ್ಲ, ಕೋಣೆ ಎಣಿಸುತ್ತಾರೆ. ಕೋಣೆಗೆ 'ಟ್ಸಿಮ್ಮರ್' ಅನ್ನುತ್ತಾರೆ. ಹಾಲೂ ಒಂದು ಟ್ಸಿಮ್ಮರ್ರೇ. ಅಡುಗೆಮನೆ, ಬಚ್ಚಲು, ಓಡಾಡುವ ಪಡಸಾಲೆ ಲೆಕ್ಕಕ್ಕಿಲ್ಲ. ಹಾಗಾಗಿ ಮೂರು ಕೋಣೆಯ ಮನೆ ಅಂದರೆ ನಮ್ಮ ಟೂ ಬಿಎಚ್‌ಕೆ. ಮೂರೂವರೆ ಕೋಣೆ ಅಂತಲೂ ಬರೆದಿರುತ್ತಾರೆ. ಆ ಅರ್ಧ ಕೋಣೆ ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದಷ್ಟು ಚಿಕ್ಕದು. ಮಗು ಚಿಕ್ಕದಿದ್ದಾಗ ಅದು ವರವೇ.

ಅಳತೆಯಲ್ಲಿ ಮಾತ್ರ ಇವರು ನಮ್ಮ ಬಿಲ್ಡರ್‌ಗಳಿಗಿಂತ ಎಷ್ಟೋ ಮೇಲು. ಸೂಪರ್ ಬಿಲ್ಟಪ್ ಅಂತ ಲಿಫ್ಟು, ಮೆಟ್ಟಿಲನ್ನೆಲ್ಲ ನಿಮ್ಮ ತಲೆಗೆ ಕಟ್ಟುವ ಆಟ ಇಲ್ಲಿಲ್ಲ. ವಾಸದ ಜಾಗ ಅಳೆಯುವುದಕ್ಕೆ 2004ರ ಒಂದು ನಿಯಮಾವಳಿ ಇದೆ. ಅದರ ಪ್ರಕಾರ ಬಾಲ್ಕನಿಯ ಕಾಲು ಭಾಗ ಮಾತ್ರ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಮಾಳಿಗೆಯ ಮನೆಗಳಲ್ಲಿ ಛಾವಣಿ ಇಳಿಜಾರಾಗಿರುತ್ತದೆ. ಅಲ್ಲಿ 1ರಿಂದ 2 ಮೀಟರ್ ಎತ್ತರ ಇರುವ ಜಾಗಕ್ಕೆ ಅರ್ಧ ಲೆಕ್ಕ, ಅದಕ್ಕಿಂತ ತಗ್ಗಿದ್ದರೆ ಸೊನ್ನೆ. ಕರಾರಿನಲ್ಲಿ ಬರೆದಿದ್ದಕ್ಕಿಂತ ಮನೆ ಶೇ. 10ಕ್ಕೂ ಜಾಸ್ತಿ ಚಿಕ್ಕದಿದ್ದರೆ ಬಾಡಿಗೆ ಕಡಿಮೆ ಮಾಡಿಸಿಕೊಳ್ಳಬಹುದು. ಒಂದು ಟೇಪು ತಂದು ಅಳೆಯಿರಿ, ಆದರೆ ಬೀಗದ ಕೈ ಸಿಕ್ಕ ಮೇಲೆ. ಮನೆ ನೋಡಲು ಹೋದ ದಿನ ಟೇಪು ತೆಗೆದರೆ ಆ ಮನೆ ನಿಮಗೆ ಸಿಕ್ಕ ಹಾಗೇ!

ಇನ್ನು ಬಾಡಿಗೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ತಣ್ಣನೆ ಬಾಡಿಗೆ, 'ಕಾಲ್ಟ್‌ಮೀಟ'. ಅದು ಗೋಡೆ, ಛಾವಣಿಗೆ ಮಾತ್ರ. ಹೀಟಿಂಗು, ನೀರು, ಕಸ, ಮೆಟ್ಟಿಲು ಗುಡಿಸುವವರು, ಕಟ್ಟಡದ ವಿಮೆ, ಓನರು ಕಟ್ಟುವ ಆಸ್ತಿ ತೆರಿಗೆ ಕೂಡ ಸೇರಿದರೆ ಬೆಚ್ಚನೆ ಬಾಡಿಗೆ, 'ವಾರ್ಮ್‌ಮೀಟ'. ಹೌದು, ಓನರ ಆಸ್ತಿ ತೆರಿಗೆಯನ್ನು ಇಲ್ಲಿ ಬಾಡಿಗೆಯವರ ಮೇಲೆ ಹಾಕುವುದು ಕಾನೂನುಬದ್ಧ. ಈ ಮೇಲಿನ ಖರ್ಚನ್ನು ತಿಂಗಳು ತಿಂಗಳು ಅಂದಾಜಿನಲ್ಲಿ ಕಟ್ಟುತ್ತೀರಿ, ವರ್ಷಕ್ಕೊಮ್ಮೆ ನಿಜವಾದ ಲೆಕ್ಕ ಬರುತ್ತದೆ. ಕೆಲವರು ಮನೆ ಸೋವಿ ಕಾಣಲಿ ಅಂತ ಅಂದಾಜನ್ನೇ ಕಡಿಮೆ ಹಾಕಿರುತ್ತಾರೆ. ಆಮೇಲೆ ಚಳಿಗಾಲದ ಹೀಟಿಂಗು ಸೇರಿ 900 ಯೂರೊ ಕಟ್ಟಿ ಅಂತ ಪತ್ರ ಬರುತ್ತದೆ. ಹಿಂದಿನ ವರ್ಷದ ಲೆಕ್ಕದ ಪ್ರತಿ ಕೇಳಿ ನೋಡಿ, ಮನೆಯ ನಿಜವಾದ ಬೆಲೆ ಅಲ್ಲೇ ಇರುತ್ತದೆ. ಲೆಕ್ಕದ ವರ್ಷ ಮುಗಿದು 12 ತಿಂಗಳೊಳಗೆ ಪತ್ರ ಬರದಿದ್ದರೆ, ಸಾಮಾನ್ಯವಾಗಿ ಓನರು ಹೆಚ್ಚಿನ ಹಣ ಕೇಳುವ ಹಾಗಿಲ್ಲ.

ಒಂದು ಲೆಕ್ಕ ಹಾಕೋಣ. 80 ಚದರ ಮೀಟರಿನ ಮೂರು ಕೋಣೆ. ಹೊಸದಾಗಿ ಬಾಡಿಗೆಗೆ ಬರುವ ಮನೆಗಳಿಗೆ ಮ್ಯೂನಿಕ್‌ನಲ್ಲಿ ಚದರ ಮೀಟರಿಗೆ 20 ಯೂರೊ ದಾಟಿ ಎಷ್ಟೋ ದಿನವಾಯಿತು. 22 ಅಂತ ಇಟ್ಟುಕೊಂಡರೆ ತಣ್ಣನೆ ಬಾಡಿಗೆ 1,760. ಮೇಲಿನ ಖರ್ಚು ಒಂದು 280, ಬೆಚ್ಚನೆ 2,040. ಕರೆಂಟು, ಇಂಟರ್ನೆಟ್ಟು ಬೇರೆ. ಟಿವಿ ನೋಡಲಿ ಬಿಡಲಿ, ಪ್ರತಿ ಮನೆಯೂ ಕಟ್ಟಬೇಕಾದ ಪ್ರಸಾರ ಶುಲ್ಕ ತಿಂಗಳಿಗೆ 18.36. ಅಡ್ವಾನ್ಸು ಮೂರು ತಿಂಗಳ ತಣ್ಣನೆ ಬಾಡಿಗೆ, 5,280. ಹಿಂದಿನವರು ಅಡುಗೆಮನೆ ಬಿಟ್ಟು ಹೋಗುತ್ತೇನೆ ಅಂದರೆ ಅದನ್ನು ಅವರಿಂದ ಕೊಳ್ಳಬೇಕು, 3,000 ಅಂತ ಹಿಡಿಯಿರಿ. ಮೊದಲ ತಿಂಗಳ ಬಾಡಿಗೆಯೂ ಸೇರಿ, ಬೀಗದ ಕೈ ಹಿಡಿಯುವ ಹೊತ್ತಿಗೆ 10,000 ಯೂರೊ ಕೈಬಿಟ್ಟಿರುತ್ತದೆ.

ಬೆಂಗಳೂರಿನಿಂದ ವರ್ಷಕ್ಕೆ 70,000 ಯೂರೊ ಸಂಬಳಕ್ಕೆ ಬರುವ ಇಂಜಿನಿಯರಿಗೆ ಆ ಸಂಬಳ ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಮನೆಯಲ್ಲಿ ಒಬ್ಬರೇ ದುಡಿಯುವವರಾದರೆ ತೆರಿಗೆ, ವಿಮೆ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 4,000. ಅರ್ಧ ಸಂಬಳ ಬೆಚ್ಚನೆ ಬಾಡಿಗೆಗೇ ಹೋಯಿತು. ಬಾಡಿಗೆ ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಅನ್ನುವುದು ಓನರುಗಳ ರೂಢಿ. ಹಾಗಾಗಿ ಒಂದೇ ಸಂಬಳದ ಸಂಸಾರದ ಅರ್ಜಿ ಮೊದಲ ಸುತ್ತಿನಲ್ಲೇ ಬದಿಗೆ ಸರಿಯುತ್ತದೆ.

ಅಡ್ವಾನ್ಸಿನ ವಿಷಯದಲ್ಲಿ ಮಾತ್ರ ಬೆಂಗಳೂರಿನವರು ಕಣ್ಣರಳಿಸುತ್ತಾರೆ. ಹತ್ತು ತಿಂಗಳ ಬಾಡಿಗೆ ಕೊಟ್ಟು ರೂಢಿ ಇರುವವರಿಗೆ ಮೂರು ತಿಂಗಳು ಏನೂ ಅಲ್ಲ. ಅದೂ ಮೂರು ಕಂತಿನಲ್ಲಿ ಕೊಡಬಹುದು. ಓನರು ಅದನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿಡಬೇಕು, ಬಡ್ಡಿ ಬಂದರೆ ಅದು ನಿಮ್ಮದು. ಬ್ರೋಕರ್ ಕಮಿಷನ್ನೂ ಇಲ್ಲ. 2015ರ ಜೂನ್‌ನಿಂದ ಬ್ರೋಕರನ್ನು ಯಾರು ಕರೆದರೋ ಅವರೇ ಕಾಸು ಕೊಡಬೇಕು ಅನ್ನುವ ನಿಯಮ ಬಂತು. ಕರೆಯುವವರು ಸಾಮಾನ್ಯವಾಗಿ ಓನರುಗಳೇ.

ಇಷ್ಟು ಕೊಟ್ಟು ಊರೊಳಗೇ ಯಾಕೆ?

ನಡೆದು ಹೋಗಬಹುದು ಅಂತ. ಇದು ಸುಮ್ನೆ ಶೋಕಿಯ ಮಾತಲ್ಲ. ನಮ್ಮ ಮನೆ ಗೀಸಿಂಗ್ ಅನ್ನುವ ಕಡೆ ಇದೆ, ಒಂದು ಕಾಲಕ್ಕೆ ಕಾರ್ಮಿಕರ ಬಡಾವಣೆ. ಕೆಳಗಿಳಿದರೆ ಎಡಕ್ಕೆ ಬ್ರೆಡ್ಡಿನ ಅಂಗಡಿ, ಅದರ ಪಕ್ಕ ಔಷಧಿ ಅಂಗಡಿ, 6 ನಿಮಿಷಕ್ಕೆ ಮೆಟ್ರೋ, 8 ನಿಮಿಷಕ್ಕೆ ಮಗಳ ಪ್ರಾಥಮಿಕ ಶಾಲೆ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳು ಪಕ್ಕದ ಮನೆಯ ಹುಡುಗನ ಜೊತೆ ತಾನೇ ನಡೆದು ಹೋಗುತ್ತಿದ್ದಳು. ಊರಿಂದ ಬಂದ ಅಮ್ಮ ಮೊದಲ ವಾರ ಪೂರ್ತಿ ಬಾಲ್ಕನಿಯಲ್ಲೇ ನಿಂತಿದ್ದರು, ಮಗು ತಿರುವು ದಾಟುವವರೆಗೆ.

ಈ ಊರು ಹೀಗಾಗಿದ್ದು ಆಕಸ್ಮಿಕ ಅಲ್ಲ. ಹಳೆಯ ಬಡಾವಣೆಗಳಲ್ಲಿ ಐದಾರು ಅಂತಸ್ತಿನ ಮನೆಗಳು ರಸ್ತೆಗೆ ಅಂಟಿಕೊಂಡು ಸಾಲಾಗಿ ನಿಂತಿವೆ, ಹಿಂದೆ ಅಂಗಳ, ಕೆಳಗೆ ಅಂಗಡಿ. 1971ರಲ್ಲಿ ಮೆಟ್ರೋ ಶುರುವಾಯಿತು. ಮರುವರ್ಷ ಒಲಿಂಪಿಕ್ಸ್ ಹೊತ್ತಿಗೆ ಊರ ನಡುವಿನ ಮುಖ್ಯ ರಸ್ತೆಯನ್ನೇ ಕಾರು ತೆಗೆಸಿ ನಡೆಯುವವರಿಗೆ ಬಿಟ್ಟರು. ಇಡೀ ನಗರದ ವಿಸ್ತೀರ್ಣ ಸುಮಾರು 310 ಚದರ ಕಿಲೋಮೀಟರು, ಬರ್ಲಿನ್‌ಗೆ 890. ಆ 310ರೊಳಗೆ 15 ಲಕ್ಷಕ್ಕೂ ಜಾಸ್ತಿ ಜನ. ಜರ್ಮನಿಯ ದೊಡ್ಡ ಊರುಗಳಲ್ಲಿ ಇಷ್ಟು ಒತ್ತೊತ್ತಾಗಿ ಜನ ಇರುವುದು ಇಲ್ಲೇ. ಆದರೂ ಗಗನಚುಂಬಿ ಕಟ್ಟಡಗಳು ತೀರಾ ಕಡಿಮೆ. 2004ರಲ್ಲಿ ಊರಿನವರು ವೋಟು ಹಾಕಿ, ಫ್ರೌವನ್‌ಕಿರ್ಖೆ ಚರ್ಚಿನ ಗೋಪುರಕ್ಕಿಂತ ಎತ್ತರ ಯಾವುದೂ ಬೇಡ ಅಂದರು. ಆ ಗೋಪುರ ಸುಮಾರು 99 ಮೀಟರು.

ಹೀಗಾಗಿ ನಡೆದು ಬದುಕಬಹುದಾದ ಜಾಗ ಇರುವುದೇ ಇಷ್ಟು. ಬೇಕು ಅನ್ನುವವರು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಸೀಮೆನ್ಸ್, ಬಿಎಂಡಬ್ಲ್ಯೂ, ಇನ್ಫಿನಿಯಾನ್‌ನಂಥ ಕಂಪನಿಗಳ ಮುಖ್ಯ ಕಚೇರಿಗಳು ಈ ಊರಲ್ಲಿ, ಇದರ ಸುತ್ತಮುತ್ತಲೇ ಇವೆ. ನಮ್ಮವರು ಬರುವುದೂ ಅದಕ್ಕೇ ಅಲ್ವಾ.

ಒಂದು ಸಮಾಧಾನ: ಕಾರಿನ ಖರ್ಚು ಉಳಿಯುತ್ತದೆ. ದೇಶದ ಎಲ್ಲ ಸಿಟಿ ಬಸ್ಸು, ಮೆಟ್ರೋ, ಲೋಕಲ್ ರೈಲಿಗೆ ನಡೆಯುವ ತಿಂಗಳ ಪಾಸು 2023ರಲ್ಲಿ 49 ಯೂರೊಗೆ ಶುರುವಾಯಿತು, 2025ಕ್ಕೆ 58 ಆಯಿತು, 2026ಕ್ಕೆ 63. ಇಬ್ಬರಿಗೆ ಪಾಸು ತೆಗೆದರೂ ಕಾರಿನ ಕಂತು, ವಿಮೆ, ಪಾರ್ಕಿಂಗಿನ ಹತ್ತಿರಕ್ಕೂ ಬರುವುದಿಲ್ಲ. ಊರಾಚೆ 300 ಯೂರೊ ಕಡಿಮೆಗೆ ಮನೆ ಸಿಕ್ಕಿ, ಅದಕ್ಕೋಸ್ಕರ ಕಾರು ಕೊಂಡವರು ಉಳಿಸಿದ್ದೇನೂ ಇಲ್ಲ.

ಶಾಲೆಯ ಲೆಕ್ಕವೂ ಮನೆಗೇ ಅಂಟಿಕೊಂಡಿದೆ. ಸರ್ಕಾರಿ ಪ್ರಾಥಮಿಕ ಶಾಲೆ ಯಾವುದು ಅನ್ನುವುದನ್ನು ನಿಮ್ಮ ವಿಳಾಸ ತೀರ್ಮಾನಿಸುತ್ತದೆ. ಮಗುವಿಗೆ ಒಳ್ಳೆ ಶಾಲೆ ಹುಡುಕಿ ಆಮೇಲೆ ಮನೆ ನೋಡುವ ನಮ್ಮ ಪದ್ಧತಿ ಇಲ್ಲಿ ತಲೆಕೆಳಗು.

ಮೇಲಿನ ಮನೆಯ ಅಜ್ಜಿ

ನಾನು ಆಗಲೇ ಹೇಳಿದ ಒಗಟಿಗೆ ಬರುತ್ತೇನೆ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾಲ್ಕು ಕೋಣೆ, 95 ಚದರ ಮೀಟರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳು ಬೇರೆ ಊರಲ್ಲಿ. ಎರಡು ಕೋಣೆಯ ಬಾಗಿಲು ತೆರೆಯುವುದೇ ಕ್ರಿಸ್‌ಮಸ್ಸಿಗೆ. ಒಂದು ದಿನ ಅವರ ದಿನಸಿ ಚೀಲ ಹೊತ್ತು ಮೇಲೆ ಹೋದಾಗ ಕಾಫಿ ಕೊಟ್ಟು ತಾವೇ ಹೇಳಿದರು: "ಇಷ್ಟು ದೊಡ್ಡ ಮನೆ ನನಗ್ಯಾಕೆ? ಗುಡಿಸೋಕೆ ಆಗಲ್ಲ. ಚಿಕ್ಕದಕ್ಕೆ ಹೋಗೋಣ ಅಂತ ನೋಡಿದೆ."

ನೋಡಿ ಅವರಿಗೆ ಕಂಡದ್ದು ಈ ಲೆಕ್ಕ. ಅವರ ಕರಾರು 1984ರದು. ಈಗ ಕೊಡುತ್ತಿರುವುದು ಚದರ ಮೀಟರಿಗೆ 11 ಯೂರೊ, ತಿಂಗಳಿಗೆ 1,045. ಅದೇ ಬೀದಿಯಲ್ಲಿ 50 ಚದರ ಮೀಟರಿನ ಎರಡು ಕೋಣೆಯ ಮನೆ ಖಾಲಿ ಇತ್ತು, ಚದರ ಮೀಟರಿಗೆ 23ರಂತೆ 1,150. ಅರ್ಧ ಮನೆಗೆ ಜಾಸ್ತಿ ಬಾಡಿಗೆ. ಯಾರಾದರೂ ಹೋಗುತ್ತಾರಾ? ಅಜ್ಜಿ ಹೋಗಲಿಲ್ಲ. ನಾಲ್ಕು ಕೋಣೆ ಸಂತೆಗೆ ಬರಲೇ ಇಲ್ಲ.

ಇಂಥ ಅಜ್ಜಿಯರು ಊರ ತುಂಬ ಇದ್ದಾರೆ. ಮ್ಯೂನಿಕ್‌ನ ಅರ್ಧಕ್ಕೂ ಜಾಸ್ತಿ ಮನೆಗಳಲ್ಲಿ ಒಬ್ಬರೇ ಇರುತ್ತಾರೆ. ಎಲ್ಲರೂ ದೊಡ್ಡ ಮನೆಯಲ್ಲೇನೂ ಇಲ್ಲ. ಆದರೆ ಸಂಸಾರಕ್ಕೆ ಸಾಲುವ ಮನೆಗಳಲ್ಲಿ ಒಂದಷ್ಟು ಹೀಗೆ ಕಟ್ಟಿಬಿದ್ದಿವೆ. ಹೊಸದಾಗಿ ಕಟ್ಟುವವರಿಗೂ ಚಿಕ್ಕ ಮನೆಯೇ ಲಾಭ, ಯಾಕೆಂದರೆ ಮನೆ ಚಿಕ್ಕದಾದಷ್ಟೂ ಚದರ ಮೀಟರಿನ ಬೆಲೆ ಮೇಲೇರುತ್ತದೆ.

ಅಜ್ಜಿಯನ್ನು ಅಲ್ಲೇ ಉಳಿಸಿರುವುದು ಕಾನೂನು. ಜರ್ಮನಿಯ ಬಾಡಿಗೆ ಕರಾರಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕವೇ ಇಲ್ಲ. ನಮ್ಮ 11 ತಿಂಗಳ ಕರಾರಿನ ಹಾಗೆ ಪ್ರತಿ ವರ್ಷ "ಶೇ. 10 ಹಾಕಿ, ಇಲ್ಲಾ ಖಾಲಿ ಮಾಡಿ" ಅನ್ನುವ ಮಾತಿಲ್ಲ. ಬಾಡಿಗೆಯವರು 3 ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೋಗಬಹುದು. ಓನರು ಬಿಡಿಸಬೇಕಾದರೆ ಕಾನೂನು ಒಪ್ಪುವ ಕಾರಣ ಬೇಕು. ಬಾಡಿಗೆ ಏರಿಸುವುದಕ್ಕೂ ಕಡಿವಾಣ: ಮೂರು ವರ್ಷದಲ್ಲಿ ಒಟ್ಟು ಶೇ. 20, ಮ್ಯೂನಿಕ್‌ನಂಥ ಬಿಗಿ ಊರಲ್ಲಿ ಶೇ. 15. ಅದೂ ಆ ಜಾಗದ ರೂಢಿ ಬಾಡಿಗೆಯನ್ನು ದಾಟುವ ಹಾಗಿಲ್ಲ.

ಅಂದರೆ ಒಳಗಿರುವವರಿಗೆ ಈ ಕಾನೂನು ಕೋಟೆ. ಹೊರಗಿರುವವರಿಗೂ ಕೋಟೆಯೇ, ಗೋಡೆ ಮಾತ್ರ ಆಚೆ ಕಡೆಯಿಂದ ಕಾಣುತ್ತದೆ. ಇದನ್ನು ಅನ್ಯಾಯ ಅಂತ ಸುಲಭವಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆ ಕಾನೂನು ಇಲ್ಲದಿದ್ದರೆ ಅಜ್ಜಿ 80ರ ವಯಸ್ಸಿನಲ್ಲಿ ಗೊತ್ತಿಲ್ಲದ ಊರಿನಲ್ಲಿ ಇರುತ್ತಿದ್ದರು. ಆದರೆ ಹೊಸಬರು ಕೊಡುವ 22 ಯೂರೊದಲ್ಲಿ ಹಳಬರ 11ರ ಭಾರವೂ ಸ್ವಲ್ಪ ಸೇರಿದೆ ಅನ್ನುವುದೂ ನಿಜ.

ಬ್ರೇಕ್ ಇದೆ, ಹಿಡಿಯುವುದಿಲ್ಲ

ಹೊಸ ಕರಾರಿಗೂ ಒಂದು ತಡೆ ಇದೆ. 2015ರಲ್ಲಿ ಬಂದ ಬಾಡಿಗೆ ಬ್ರೇಕ್ ಕಾನೂನು, 'ಮೀಟ್‌ಪ್ರೈಸ್‌ಬ್ರೆಮ್ಸ'. ರೂಢಿ ಬಾಡಿಗೆಗಿಂತ ಶೇ. 10ರಷ್ಟು ಮಾತ್ರ ಜಾಸ್ತಿ ಕೇಳಬಹುದು ಅನ್ನುತ್ತದೆ. 2025ರಲ್ಲಿ ಇದನ್ನು 2029ರ ಕೊನೆಯವರೆಗೆ ಮುಂದುವರಿಸಿದರು.

ರೂಢಿ ಬಾಡಿಗೆ ಎಷ್ಟು ಅನ್ನುವುದನ್ನು ನಗರಪಾಲಿಕೆಯ ಬಾಡಿಗೆ ಪಟ್ಟಿ ಹೇಳುತ್ತದೆ, ಹೆಸರು 'ಮೀಟ್‌ಶ್ಪೀಗೆಲ್', ಬಾಡಿಗೆ ಕನ್ನಡಿ ಅಂತ ಅರ್ಥ. ಮ್ಯೂನಿಕ್‌ನ 2025ರ ಕನ್ನಡಿಯಲ್ಲಿ ಸರಾಸರಿ ಚದರ ಮೀಟರಿಗೆ 15.38 ಯೂರೊ. ಶೇ. 10 ಸೇರಿಸಿದರೆ 17ರ ಒಳಗೇ. ಹಾಗಾದರೆ ಜಾಹೀರಾತಿನಲ್ಲಿ 22 ಎಲ್ಲಿಂದ ಬಂತು?

ಸರಾಸರಿ ಅನ್ನುವುದು ಇಡೀ ಊರಿನದು, ನಿಮ್ಮ ಮನೆಯ ಅಂಕಿ ಜಾಗ, ಕಟ್ಟಿದ ವರ್ಷ, ಸೌಕರ್ಯ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಅದೊಂದು. ಕಾನೂನಿನಲ್ಲಿ ತೂತುಗಳೂ ಇವೆ. 2014ರ ಅಕ್ಟೋಬರ್ 1ರ ನಂತರ ಮೊದಲ ಸಲ ಬಾಡಿಗೆಗೆ ಬಂದ ಹೊಸ ಕಟ್ಟಡಕ್ಕೆ ಬ್ರೇಕ್ ಇಲ್ಲ. ಪೂರ್ತಿ ನವೀಕರಿಸಿದ ಮನೆಯ ಮೊದಲ ಕರಾರಿಗೆ ಇಲ್ಲ. ಹಿಂದಿನವರು ಆಗಲೇ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರೆ ಅದೇ ಮುಂದುವರಿಯಬಹುದು. ಹಳೇ ಸೋಫಾ, ಎರಡು ಮಂಚ ಇಟ್ಟು ಫರ್ನಿಶ್ ಆದ ಮನೆ ಅಂತ ಕೊಟ್ಟರೆ ಆ ಸೋಫಾಕ್ಕೆ ಎಷ್ಟು ಹಾಕಿದ್ದೀರಿ ಅಂತ ಬಿಡಿಸಿ ಬರೆಯುವ ಕಡ್ಡಾಯವೂ ಇರಲಿಲ್ಲ. ಅದಕ್ಕೇ ಇಲ್ಲಿ ಸೋಫಾಗಳಿಗೆ ಇಷ್ಟು ಬೆಲೆ!

ಇದೆಲ್ಲಕ್ಕಿಂತ ದೊಡ್ಡ ತೂತು ಬೇರೆ. ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ. ಬಾಡಿಗೆ ಜಾಸ್ತಿ ಅಂತ ನೀವೇ ಬರೆದು ದೂರಬೇಕು. 20 ಜನರನ್ನು ದಾಟಿ ಮನೆ ಸಿಕ್ಕಿದ ಖುಷಿಯಲ್ಲಿರುವವರು ಓನರಿಗೆ ಪತ್ರ ಬರೆಯುತ್ತಾರಾ? ಆದರೆ ಇದೊಂದು ನೆನಪಿಡಿ: 2020ರ ಏಪ್ರಿಲ್ ನಂತರದ ಕರಾರಾದರೆ, ಒಳಗೆ ಬಂದ 30 ತಿಂಗಳೊಳಗೆ ದೂರಿದರೆ ಮೊದಲ ತಿಂಗಳಿಂದಲೇ ಹೆಚ್ಚು ಕೊಟ್ಟದ್ದನ್ನು ವಾಪಸ್ ಕೇಳಬಹುದು. ಒಂದು ವರ್ಷ ನೆಲೆಯಾಗಿ, ಆಮೇಲೆ ಬಾಡಿಗೆದಾರರ ಸಂಘಕ್ಕೆ ಸೇರಿ ಕೇಳಿದವರು ನನಗೆ ಗೊತ್ತು. ಬಾಡಿಗೆದಾರನಿಗೆ ಜರ್ಮನ್‌ನಲ್ಲಿ 'ಮೀಟರ್' ಅನ್ನುತ್ತಾರೆ. ಆಟೋ ಮೀಟರಿನ ಹಾಗೆ ಓಡುತ್ತಲೇ ಇರುವುದು ಮಾತ್ರ ಅವನ ಖರ್ಚು.

ಕನ್ನಡಿಯ ಇನ್ನೊಂದು ತಮಾಷೆ: ಕಳೆದ 6 ವರ್ಷಗಳಲ್ಲಿ ಹೊಸದಾದ, ಇಲ್ಲವೇ ಬದಲಾದ ಬಾಡಿಗೆಗಳನ್ನು ಮಾತ್ರ ಅದು ಎಣಿಸುತ್ತದೆ. ವರ್ಷಗಟ್ಟಲೆ ಏರದ ಬಾಡಿಗೆ ಅದರಲ್ಲಿ ಕಾಣುವುದೇ ಇಲ್ಲ. ಏರಿದವುಗಳ ಸರಾಸರಿಯೇ ಮುಂದಿನ ಏರಿಕೆಗೆ ಅಳತೆಗೋಲು.

ಕರಾರಿಗೆ ಸಹಿ ಹಾಕುವಾಗ ಎರಡು ಪದ ಹುಡುಕಿ. 'ಶ್ಟಾಫೆಲ್' ಅಂತಿದ್ದರೆ ಪ್ರತಿ ವರ್ಷ ಇಷ್ಟು ಏರುತ್ತದೆ ಅಂತ ಮೊದಲೇ ಬರೆದಿರುತ್ತಾರೆ. 'ಇಂಡೆಕ್ಸ್' ಅಂತಿದ್ದರೆ ಹಣದುಬ್ಬರದ ಜೊತೆ ಬಾಡಿಗೆ ಏರುತ್ತದೆ. 2022ರಲ್ಲಿ ಗ್ಯಾಸಿನ ಬೆಲೆ ಏರಿದಾಗ ಇಂಡೆಕ್ಸ್ ಕರಾರಿನವರು ಹೀಟಿಂಗ್ ಬಿಲ್ಲಿಗೂ ಅತ್ತರು, ಬಾಡಿಗೆಗೂ ಅತ್ತರು.

ಫೈಲು, ಪತ್ರ, ಮೆಟ್ಟಿಲು

ಇನ್ನು ಮನೆ ಹಿಡಿಯುವ ಕೆಲಸ. ಜಾಹೀರಾತು ಬಂದ ಅರ್ಧ ಗಂಟೆಯಲ್ಲಿ ನೂರಾರು ಸಂದೇಶ ಹೋಗಿರುತ್ತವೆ. ಮಧ್ಯಾಹ್ನ ಊಟ ಆದ ಮೇಲೆ ಬರೆಯೋಣ ಅಂದುಕೊಂಡರೆ ಕೆಟ್ಟಿರಿ. ಕೈಯಲ್ಲಿ ಒಂದು ಫೈಲು ಸದಾ ಸಿದ್ಧ ಇರಬೇಕು: ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕರಾರು, ವೀಸಾದ ಪ್ರತಿ, ಹಿಂದಿನ ಓನರು ಬರೆದುಕೊಟ್ಟ ಬಾಡಿಗೆ ಬಾಕಿ ಇಲ್ಲ ಅನ್ನುವ ಚೀಟಿ, ಮತ್ತು ಶೂಫಾ. ಶೂಫಾ ನಮ್ಮ ಸಿಬಿಲ್ ಇದ್ದ ಹಾಗೆ, ಸಾಲ ತೀರಿಸುವವರು ಹೌದೋ ಅಲ್ಲವೋ ಅಂತ ಹೇಳುವ ಕಾಗದ.

ಹೊಸದಾಗಿ ಬಂದವರಿಗೆ ಗಂಟು ಬೀಳುವುದು ಇಲ್ಲೇ. ಶೂಫಾದಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಸಂಬಳದ ಚೀಟಿ ಇನ್ನೂ ಹುಟ್ಟಿಲ್ಲ. ಮನೆಗೆ ಬಂದ ಎರಡು ವಾರದಲ್ಲಿ ವಿಳಾಸ ನೋಂದಾಯಿಸಬೇಕು ಅನ್ನುತ್ತದೆ ಕಾನೂನು, ಅದಕ್ಕೆ ಓನರ ಸಹಿ ಬೇಕು. ತೆರಿಗೆ ಸಂಖ್ಯೆ ನೋಂದಾಯಿಸಿದ ವಿಳಾಸಕ್ಕೇ ಅಂಚೆಯಲ್ಲಿ ಬರುತ್ತದೆ. ಅದೂ ಡಬ್ಬಿಯ ಮೇಲೆ ನಿಮ್ಮ ಹೆಸರಿದ್ದರೆ ಮಾತ್ರ. ನಮ್ಮ ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಆ ಚಿಕ್ಕ ಪಟ್ಟಿಯಲ್ಲಿ ಹಿಡಿಯಲಿಲ್ಲ. ಒಂದು ಅಕ್ಷರ ತಪ್ಪಾಗಿ ಬರೆದಿದ್ದೇ ಈಗಲೂ ಬೆಲ್ಲಿನ ಮೇಲಿದೆ.

ನಾನು ಯಾರಿಗೇ ಆದರೂ ಹೇಳುವುದು ಇಷ್ಟು. ಮೊದಲು ಒಬ್ಬರೇ ಬನ್ನಿ. ಫರ್ನಿಶ್ ಆದ ಚಿಕ್ಕ ಮನೆ ಆರು ತಿಂಗಳಿಗೆ ಹಿಡಿಯಿರಿ, ದುಬಾರಿಯಾದರೂ ಸರಿ, ವಿಳಾಸ ನೋಂದಾಯಿಸಲು ಬಿಡುತ್ತಾರಾ ಅಂತ ಮೊದಲೇ ಬರೆಸಿಕೊಳ್ಳಿ. ಮೂರು ಸಂಬಳ ಬರಲಿ. ಆಮೇಲೆ ದೊಡ್ಡ ಮನೆಗೆ ಅರ್ಜಿ ಹಾಕಿ ಸಂಸಾರ ಕರೆಸಿಕೊಳ್ಳಿ. ಮಕ್ಕಳ ಜೊತೆ ಬಂದು ಹೋಟೆಲಿನಲ್ಲಿ ಕೂತು ಹುಡುಕಿದವರ ಪಾಡು ಕಣ್ಣಾರೆ ನೋಡಿದ್ದೇನೆ. ಕಂಪನಿಯವರು ಮನೆ ಹುಡುಕಿಕೊಡುವ ಏಜೆನ್ಸಿ ಕೊಡುತ್ತೇವೆ ಅಂದರೆ ಸಂಬಳದ ಮಾತುಕತೆಯಲ್ಲೇ ಅದನ್ನು ಹಿಡಿದುಕೊಳ್ಳಿ, ಸಾವಿರ ಯೂರೊ ಬೋನಸ್ಸಿಗಿಂತ ಅದು ಹೆಚ್ಚು.

ಅರ್ಜಿಯ ಜೊತೆ ಹೋಗುವ ಪತ್ರ ಜರ್ಮನ್‌ನಲ್ಲಿರಲಿ, ಹತ್ತು ಸಾಲು ದಾಟದಿರಲಿ. ಯಾರು, ಎಲ್ಲಿ ಕೆಲಸ, ಮಕ್ಕಳೆಷ್ಟು, ಈ ಬೀದಿಯೇ ಯಾಕೆ ಅಂತ ಬರೆಯಿರಿ. ಮಕ್ಕಳಿರುವುದನ್ನು ಮುಚ್ಚಿಡಬೇಡಿ. ನಮಗೆ ಮನೆ ಕೊಟ್ಟ ಓನರಮ್ಮ ಆಮೇಲೆ ಹೇಳಿದ್ದು ಹೀಗೆ: ಬಂದವರೆಲ್ಲ ಬಾಡಿಗೆ ಕಡಿಮೆ ಮಾಡ್ತೀರಾ ಅಂತ ಕೇಳಿದರು, ನೀವು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯೋ ಮೆಷಿನ್ ಎಲ್ಲಿಡೋದು ಅಂತ ಕೇಳಿದಿರಿ, ಇರೋಕೆ ಬಂದವರು ಅನ್ನಿಸಿತು.

ಇನ್ನೊಂದು ಎಚ್ಚರಿಕೆ. ಶ್ವಾಬಿಂಗ್‌ನಂಥ ದುಬಾರಿ ಬಡಾವಣೆಯಲ್ಲಿ 90 ಚದರ ಮೀಟರು, 1,100 ಯೂರೊ, ಹೊಳೆಯುವ ಫೋಟೊ, "ನಾನು ವಿದೇಶದಲ್ಲಿದ್ದೇನೆ, ಅಡ್ವಾನ್ಸು ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ" ಅನ್ನುವ ಓನರು. ಅಂಥ ಮನೆ ಇಲ್ಲ. ಒಳಗೆ ಕಾಲಿಡದೆ, ಕರಾರು ಕೈಗೆ ಬರದೆ ಒಂದು ಸೆಂಟೂ ಕಳಿಸಬೇಡಿ.

ಸಂತೆಯಲ್ಲಿ ಸಿಗದಿದ್ದರೆ ಬೇರೆ ದಾರಿಗಳೂ ಇವೆ, ನಿಧಾನದವು. ವಸತಿ ಸಹಕಾರ ಸಂಘಗಳಲ್ಲಿ ಷೇರು ಕೊಂಡು ಸದಸ್ಯರಾದರೆ ಕಡಿಮೆ ಬಾಡಿಗೆಗೆ ಜೀವನವಿಡೀ ಇರಬಹುದು, ಕಾಯುವುದು ಮಾತ್ರ ವರ್ಷಗಟ್ಟಲೆ. ಹೊಸ ಬಡಾವಣೆಗಳಲ್ಲಿ ಸಂಸಾರದ ಮನೆಗಳ ಪಾಲು ಜಾಸ್ತಿ. ಪೂರ್ವಕ್ಕೆ ಹಳೇ ವಿಮಾನ ನಿಲ್ದಾಣದ ಜಾಗದಲ್ಲಿ ಎದ್ದ ರೀಮ್, ಪಶ್ಚಿಮಕ್ಕೆ ಈಗ ಬೆಳೆಯುತ್ತಿರುವ ಫ್ರೈಹಾಮ್. 1994ರಿಂದ ನಗರಪಾಲಿಕೆ ಹೊಸ ಬಡಾವಣೆ ಕಟ್ಟುವವರಿಗೆ ಒಂದು ಪಾಲು ಕಡಿಮೆ ಬಾಡಿಗೆಯ ಮನೆಗಳನ್ನು ಕಡ್ಡಾಯ ಮಾಡಿದೆ. ಅಲ್ಲಿ ಶಾಲೆ, ಆಟದ ಬಯಲು, ರೈಲು ಎಲ್ಲ ನಡಿಗೆಯಲ್ಲೇ ಸಿಗುತ್ತದೆ. ಹಳೇ ಬೀದಿಗಳ ಬ್ರೆಡ್ಡಿನ ವಾಸನೆ ಇನ್ನೂ ಹತ್ತಿಲ್ಲ, ಅಷ್ಟೇ.

ಒಳಗೆ ಬಂದ ಮೇಲೆ

ಬೀಗದ ಕೈ ತೆಗೆದುಕೊಳ್ಳುವ ದಿನ ಗೋಡೆಯ ಪ್ರತಿ ಗೀರನ್ನೂ ಬರೆಸಿ, ಮೀಟರುಗಳ ಫೋಟೊ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರಲ್ಲ, ಇಲ್ಲೂ ಹಾಗೆ ಮಾಡುವ ಓನರುಗಳಿದ್ದಾರೆ. ಆದರೆ ಬಣ್ಣ ಹೊಡೆಯದ ಮನೆ ಕೊಟ್ಟು, ಹೋಗುವಾಗ ಬಣ್ಣ ಹೊಡಿ ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ ಅಂತ 2015ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಹೇಳಿದೆ.

ಒಗ್ಗರಣೆಯ ವಾಸನೆಗೆ ಜಗಳ ಆಗುತ್ತದೆ ಅಂತ ನಾವು ಹೆದರಿದ್ದೆವು. ಆಗಲಿಲ್ಲ. ಜಗಳ ಬಂದದ್ದು ಕಿಟಕಿಗೆ. ಈ ಮನೆಗಳು ಗಾಳಿಯಾಡದಷ್ಟು ಬಿಗಿ. ಅನ್ನ ಬೇಯಿಸಿ, ಬಟ್ಟೆ ಒಣಹಾಕಿ ಕಿಟಕಿ ಮುಚ್ಚಿದರೆ ಚಳಿಗಾಲದಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ ಕಿಟಕಿಗಳನ್ನು ಐದು ನಿಮಿಷ ಹಾರುಹೊಡೆದು ಮುಚ್ಚಬೇಕು. ಕರಾರಿನಲ್ಲೇ ಬರೆದಿರುತ್ತಾರೆ. ಸೊನ್ನೆ ಡಿಗ್ರಿಯಲ್ಲಿ ಕಿಟಕಿ ತೆಗೆಯುವವರನ್ನು ನೋಡಿ ಅಮ್ಮ "ಇವರಿಗೆ ತಲೆ ಸರಿ ಇದೆಯಾ" ಅಂದಿದ್ದರು. ಈಗ ಊರಲ್ಲೂ ಅವರೇ ಬೆಳಗ್ಗೆ ಎದ್ದು ಕಿಟಕಿ ತೆಗೆಯುತ್ತಾರೆ.

ಭಯ ಪಡಬೇಕಾದ ಪದ ಒಂದೇ, 'ಐಗನ್‌ಬೆಡಾರ್ಫ್'. ಓನರಿಗೆ ತನಗೋ ಮಕ್ಕಳಿಗೋ ಆ ಮನೆಯೇ ಬೇಕಾದರೆ ಬಿಡಿಸಬಹುದು. ನೀವು ಐದು ವರ್ಷ ಇದ್ದರೆ 6 ತಿಂಗಳ ನೋಟಿಸ್, ಎಂಟು ವರ್ಷವಾದರೆ 9 ತಿಂಗಳು. ಕಂಪನಿ ಅಥವಾ ಸಹಕಾರ ಸಂಘ ಓನರಾದರೆ ಈ ಭಯ ಬಹುಮಟ್ಟಿಗೆ ಇಲ್ಲ, ಕಂಪನಿಗೆ ಮಗಳ ಮದುವೆ ಇರುವುದಿಲ್ಲವಲ್ಲ.

ನಾವು ಈ ಮನೆಗೆ ಬಂದದ್ದು 2016ರಲ್ಲಿ. 74 ಚದರ ಮೀಟರು, ಚದರ ಮೀಟರಿಗೆ 14 ಯೂರೊ ಇತ್ತು, ಈಗ 16. ಆಮೇಲೆ ಮಗ ಹುಟ್ಟಿದ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಮಗಳ ಓದುವ ಮೇಜು ಪಡಸಾಲೆಯಲ್ಲಿದೆ. ನಾಲ್ಕು ಕೋಣೆ ಬೇಕು ಅಂತ ಪ್ರತಿ ಜನವರಿಯಲ್ಲಿ ಒಂದು ಸಂಜೆ ಕೂತು ನೋಡುತ್ತೇವೆ. ಹೋದ ಸಲ ಎರಡು ಬೀದಿ ಆಚೆ ಒಂದಿತ್ತು, 92 ಚದರ ಮೀಟರು, ಒಳ್ಳೆ ಬೆಳಕು, 2,150 ತಣ್ಣನೆ. ನಮ್ಮದು 1,184. ಇನ್ನು 18 ಚದರ ಮೀಟರಿಗೆ ತಿಂಗಳಿಗೆ 966 ಯೂರೊ.

"ಅಜ್ಜಿ ಮನೆ ಖಾಲಿಯಾದರೆ?" ಅಂತ ಮಗಳು ಕೇಳಿದಳು. ಬಾಯಿಗೆ ಬಂದ ಹಾಗೆ ಮಾತಾಡಬೇಡ ಅಂತ ಅವಳ ಅಮ್ಮ ಗದರಿದಳು. ನಾನು ಲ್ಯಾಪ್‌ಟಾಪ್ ಮುಚ್ಚಿ, ಪಡಸಾಲೆಯ ಮೇಜಿಗೆ ಇನ್ನೊಂದು ದೀಪ ಹಾಕಬಹುದಾ ಅಂತ ಅಳತೆ ತೆಗೆದೆ.